ಏಳನೇ ನಂಬರ್ ಫಾರಂ

ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂದ್ರೆ ಸೈನ್ಸು, ಸುಮಾರಾಗಿದ್ರೆ ಕಾಮರ್ಸು, ಇನ್ನೇನೂ ಗತಿ ಇಲ್ಲ ಅಂದ್ರೆ ಆರ್ಟ್ಸು. ನಮ್ಮ ಭೇರ್ಯದಲ್ಲಿ ಪಿಯುಸಿ ಲೆಕ್ಕ ಇಷ್ಟೇ. ಎರಡು ವರ್ಷಕ್ಕೆ ದೊಡ್ಡವಳಾದ ಅಕ್ಕ ಒಳ್ಳೆ ಮಾರ್ಕ್ಸ್ ಇದ್ದೂ ಎಚ್‌ಇಪಿಎಸ್ ತಗೊಂಡಳು: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. "ರಾಜ್ಯಶಾಸ್ತ್ರ ಓದಿ ಎಮ್ಮೆಲ್ಲೆ ಆಗ್ತೀಯಾ?" ಅಂತ ರೇಗಿಸಿದವರಲ್ಲಿ ನಾನೂ ಒಬ್ಬ.

ಒಂದು ಸಂಜೆ ಅವಳು ಭೂಸುಧಾರಣೆಯ ಪಾಠ ಓದ್ತಾ ಇದ್ದಳು. 1961ರ ಕಾಯ್ದೆ, ಅದಕ್ಕೆ ದೇವರಾಜ ಅರಸು ಕಾಲದಲ್ಲಾದ ತಿದ್ದುಪಡಿ, ಜಾರಿಗೆ ಬಂದದ್ದು 1974ರ ಮಾರ್ಚ್ 1. ಅರಸು ಅಂದ್ರೆ ನಮ್ಮ ಪಕ್ಕದ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಪುಸ್ತಕ ಮಡಚಿ ಜಗಲಿ ಮೇಲಿದ್ದ ತಾತನನ್ನ ಕೇಳಿದಳು: "ತಾತ, ನಮ್ ಗದ್ದೆ ಹೆಂಗ್ ಬಂತು?"

"ಏಳನೇ ನಂಬರ್ ಫಾರಂ ಕಣವ್ವ" ಅಂದ ತಾತ.

ಆ ತಿದ್ದುಪಡಿಯಿಂದ ಗೇಣಿ ಜಮೀನೆಲ್ಲ ಸರ್ಕಾರದ ವಶಕ್ಕೆ ಬಂತು. ಉಳುತ್ತಿದ್ದವರು ಫಾರಂ 7ರಲ್ಲಿ ಅರ್ಜಿ ಹಾಕಬೇಕು, ಭೂನ್ಯಾಯ ಮಂಡಳಿ ವಿಚಾರಣೆ ಮಾಡಬೇಕು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರಿ ನೌಕರರಲ್ಲದ ಸದಸ್ಯರೂ ಇರುತ್ತಿದ್ದರು. ಮೊದಮೊದಲು ಅಲ್ಲಿ ವಕೀಲರು ವಾದ ಮಾಡುವಂತಿರಲಿಲ್ಲ. ಅಂದ್ರೆ ಓದು ಬರಹ ಬಾರದ ನಮ್ಮ ತಾತ ತಾನೇ ಎದ್ದು ನಿಂತು ಮಾತಾಡಬೇಕಿತ್ತು.

"ಯಾರಪ್ಪ ಉಳ್ತಿರೋರು ಅಂದ್ರು. ನಾನೇ ಸ್ವಾಮಿ ಅಂದೆ. ಒಡೇರು ಎದುರುಗೇ ಕೂತಿದ್ರು. ಅವರ ಮೊಕ ನೋಡಕ್ಕಾಗ್ದೆ ನೆಲ ನೋಡ್ಕಂಡೇ ಅಂದೆ."

ಪಕ್ಕದ ಗದ್ದೆಯವರಿಗೆ ಅಷ್ಟೂ ಧೈರ್ಯ ಬರಲಿಲ್ಲ. ಅರ್ಜಿ ಹಾಕಲೇ ಇಲ್ಲ, ಗದ್ದೆ ಹೋಯಿತು. ಇನ್ನು ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡ್ತಿದ್ದವರಿಗೆ ಈ ಫಾರಂನಿಂದ ಗದ್ದೆ ಸಿಗುವ ಮಾತೇ ಇರಲಿಲ್ಲ. ಅದನ್ನೂ ಅಕ್ಕನೇ ಹೇಳಿದ್ದು.

ನನ್ನ ಬಿಇ ಫೀಸು ಕಟ್ಟಿದ್ದು ಆ ಗದ್ದೆಯ ಭತ್ತ. ಫಿಸಿಕ್ಸು, ಮ್ಯಾಥ್ಸು ಅರೆದು ಕುಡಿದ ನನಗೆ ಅದು ಯಾವ ಕಾಯ್ದೆಯಿಂದ ಬಂತು ಅನ್ನೋದೇ ಗೊತ್ತಿರಲಿಲ್ಲ.

2020ರಲ್ಲಿ ಅದೇ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದುಹಾಕಿದರು. ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಆದಾಯದ ಮಿತಿಯೂ ಇಲ್ಲ. ಅಲ್ಲಿಂದ ನಮ್ಮ ಟೀಮಿನ ಲಂಚ್ ಟೇಬಲ್ಲಲ್ಲಿ ಇದೇ ಮಾತು. "ಮಚ್ಚಾ, ನಿಮ್ ಕಡೆ ಎಕರೆ ಎಷ್ಟು? ಫಾರ್ಮ್‌ಹೌಸ್ ಮಾಡೋಣ."

ಈಗ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡೋ ಅಕ್ಕನಿಗೆ ಫೋನ್ ಮಾಡಿದೆ. "ರೇಟು ಯಾರಾದ್ರೂ ಹೇಳ್ತಾರೆ ಕಣೋ. ಅಲ್ಲಿ ಈಗ ಉಳ್ತಿರೋರು ಯಾರು ಅಂತ ಕೇಳೋಕೆ ಹೇಳು" ಅಂದಳು.

ಮರುದಿನ ಫ್ರೆಂಡಿಗೆ ಹಾಗೇ ಹೇಳಿದೆ. ಅವನು ಒಂದು ಕ್ಷಣ ಸುಮ್ಮನಿದ್ದು, "ಅದನ್ನ ಬ್ರೋಕರ್‌ನ ಕೇಳ್ಬೇಕು" ಅಂದ.