ಹದಿಹರೆಯದವರ ಸಾಹಿತ್ಯ ಮತ್ತು ಅಮೆರಿಕದ ಇಂಗ್ಲಿಷ್ ಶಿಕ್ಷಕರ ತರಬೇತಿ

ಅಮೆರಿಕದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಪಾಠವೆಂದರೆ ಬಹುಕಾಲ ಶೇಕ್ಸ್‌ಪಿಯರ್, ಹಾಥಾರ್ನ್, ಮಾರ್ಕ್ ಟ್ವೇನ್ ಮೊದಲಾದವರ ಕೃತಿಗಳೇ ಆಗಿದ್ದವು. ಶಿಕ್ಷಕರಾಗಲು ಹೊರಟವರು ಕಾಲೇಜಿನಲ್ಲಿ ಓದಿ ಬರುತ್ತಿದ್ದದ್ದೂ ಅವನ್ನೇ. ಹದಿಹರೆಯದವರಿಗೆಂದು ಬರೆದ ಕಾದಂಬರಿಗಳನ್ನು, ಅದರಲ್ಲೂ ಕಪ್ಪು ಜನರ, ಮೂಲನಿವಾಸಿಗಳ, ವಲಸೆ ಬಂದವರ ಬದುಕು ಹೇಳುವ ಕಾದಂಬರಿಗಳನ್ನು, ಪಾಠ ಮಾಡಲು ಶಿಕ್ಷಕರಿಗೆ ಬೇರೆಯೇ ತಯಾರಿ ಬೇಕೆಂಬ ವಿಚಾರ ನಿಧಾನವಾಗಿ ಬೆಳೆದುಬಂತು.

ಅದಕ್ಕೆ ತಾತ್ವಿಕ ತಳಹದಿ ಹಾಕಿದ್ದು 1938ರಲ್ಲಿ ಬಂದ ಲೂಯಿಸ್ ರೋಸೆನ್‌ಬ್ಲಾಟ್ ಅವರ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಶನ್’. ಕೃತಿಯ ಅರ್ಥ ಪುಟದೊಳಗೆ ಸಿದ್ಧವಾಗಿ ಕೂತಿರುವುದಿಲ್ಲ, ಓದುವವರು ತಮ್ಮ ಅನುಭವದೊಂದಿಗೆ ಅದನ್ನು ಎದುರುಗೊಂಡಾಗ ಹುಟ್ಟುತ್ತದೆ ಎಂಬುದು ಅವರ ವಾದ. ಇದನ್ನು ಒಪ್ಪಿದರೆ, ಕೃತಿ ಗೊತ್ತಿದ್ದರಷ್ಟೇ ಶಿಕ್ಷಕರಿಗೆ ಸಾಲದು; ಎದುರಿಗೆ ಕೂತ ಮಕ್ಕಳು ಯಾರು, ಎಲ್ಲಿಂದ ಬಂದವರು ಎಂಬುದೂ ಗೊತ್ತಿರಬೇಕಾಗುತ್ತದೆ. ಮುಂದೆ ಅಯೋವಾ ವಿಶ್ವವಿದ್ಯಾಲಯದ ರಾಬರ್ಟ್ ಕಾರ್ಲ್‌ಸನ್ 1967ರಲ್ಲಿ ‘ಬುಕ್ಸ್ ಆ್ಯಂಡ್ ದಿ ಟೀನ್-ಏಜ್ ರೀಡರ್’ ಪ್ರಕಟಿಸಿದರು. ಎಸ್.ಇ. ಹಿಂಟನ್ ತಾವಿನ್ನೂ ಹದಿಹರೆಯದಲ್ಲಿದ್ದಾಗ ಬರೆದ ‘ದಿ ಔಟ್‌ಸೈಡರ್ಸ್’ ಬಂದದ್ದೂ ಅದೇ ವರ್ಷ. 1973ರಲ್ಲಿ ಇಂಗ್ಲಿಷ್ ಶಿಕ್ಷಕರ ರಾಷ್ಟ್ರೀಯ ಮಂಡಳಿಯ (ಎನ್‌ಸಿಟಿಇ) ಅಡಿಯಲ್ಲಿ ಹದಿಹರೆಯದವರ ಸಾಹಿತ್ಯಕ್ಕಾಗಿಯೇ ‘ಅಲನ್’ ಎಂಬ ಸಂಘಟನೆ ಹುಟ್ಟಿತು. 1980ರಲ್ಲಿ ಇದೇ ಸಾಹಿತ್ಯದ ಕುರಿತು ಡೊನೆಲ್ಸನ್ ಮತ್ತು ನಿಲ್ಸನ್ ಅವರ ಪಠ್ಯಪುಸ್ತಕ ಬಂತು.

ಈ ಸಾಹಿತ್ಯಕ್ಕೆ ತರಬೇತಿಯಲ್ಲಿ ಹೀಗೆ ಜಾಗ ಸಿಗುತ್ತಿದ್ದಾಗಲೂ ಅದರೊಳಗೆ ಯಾರಿದ್ದಾರೆ ಎಂಬ ಪ್ರಶ್ನೆ ಬಹುಮಟ್ಟಿಗೆ ಹೊರಗೇ ಉಳಿದಿತ್ತು. ಆ ಪ್ರಶ್ನೆಯನ್ನು ಲೆಕ್ಕದೊಂದಿಗೆ ಎತ್ತಿದವರು ನ್ಯಾನ್ಸಿ ಲ್ಯಾರಿಕ್. 1965ರಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ಪ್ರಕಾರ, 1962ರಿಂದ 1964ರವರೆಗೆ ಪ್ರಕಟವಾದ 5,206 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನ ಒಬ್ಬರಾದರೂ ಕಾಣಿಸಿಕೊಂಡದ್ದು ಶೇ. 6.7ರಷ್ಟರಲ್ಲಿ ಮಾತ್ರ. ಅವುಗಳಲ್ಲೂ ಶೇ. 60ರಷ್ಟು ಪುಸ್ತಕಗಳ ಕಥೆ ನಡೆಯುವುದು ಅಮೆರಿಕದ ಹೊರಗೆ, ಇಲ್ಲವೇ ಎರಡನೆಯ ಮಹಾಯುದ್ಧಕ್ಕೂ ಹಿಂದೆ. ಅಂದರೆ ಅಂದಿನ ನ್ಯೂಯಾರ್ಕ್ ಅಥವಾ ಶಿಕಾಗೊದ ಕಪ್ಪು ಹುಡುಗಿಗೆ ತನ್ನ ಬೀದಿಯ, ತನ್ನ ಕಾಲದ ಕಥೆ ಸಿಗುವುದೇ ಅಪರೂಪವಾಗಿತ್ತು. ಎರಡು ದಶಕಗಳ ನಂತರವೂ ಚಿತ್ರ ಹೆಚ್ಚು ಬದಲಾಗಿರಲಿಲ್ಲ. ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರ 1985ರಲ್ಲಿ ಎಣಿಸಿದಾಗ, ಆ ವರ್ಷದ ಸುಮಾರು 2,500 ಪುಸ್ತಕಗಳಲ್ಲಿ ಆಫ್ರಿಕನ್ ಅಮೆರಿಕನ್ನರು ರಚಿಸಿದವು 18 ಮಾತ್ರ. ಆರ್ಥರ್ ಆಪಲ್‌ಬಿ 1989ರಲ್ಲಿ ಪ್ರಕಟಿಸಿದ ಸಮೀಕ್ಷೆ ತರಗತಿಯ ಒಳಗನ್ನೇ ತೋರಿಸಿತು. ಸರ್ಕಾರಿ ಪ್ರೌಢಶಾಲೆಗಳಲ್ಲಿ ಅತಿ ಹೆಚ್ಚು ಪಾಠವಾಗುವ ಹತ್ತು ಕೃತಿಗಳ ಪೈಕಿ ಮಹಿಳೆ ಬರೆದದ್ದು ಒಂದು, ಹಾರ್ಪರ್ ಲೀ ಅವರದು. ಅಲ್ಪಸಂಖ್ಯಾತ ಸಮುದಾಯದವರು ಬರೆದದ್ದು ಒಂದೂ ಇರಲಿಲ್ಲ.

1990ರಲ್ಲಿ ರೂಡೀನ್ ಸಿಮ್ಸ್ ಬಿಷಪ್ ಬರೆದ ಪುಟ್ಟ ಪ್ರಬಂಧವೊಂದು ಈ ಕ್ಷೇತ್ರಕ್ಕೆ ತನ್ನದೇ ನುಡಿಗಟ್ಟು ಕೊಟ್ಟಿತು. ಪುಸ್ತಕ ಕೆಲವರಿಗೆ ತಮ್ಮನ್ನೇ ಕಾಣುವ ಕನ್ನಡಿ, ಕೆಲವರಿಗೆ ಇತರರ ಬದುಕು ಕಾಣುವ ಕಿಟಕಿ, ಮತ್ತೆ ಕೆಲವೊಮ್ಮೆ ಒಳಹೊಕ್ಕು ಬರಬಹುದಾದ ಗಾಜಿನ ಬಾಗಿಲು ಎಂದರು ಅವರು. ಈ ಮಾತನ್ನು ಉದ್ಧರಿಸದ ತರಬೇತಿ ಕೋರ್ಸು ಇಂದು ಸಿಗುವುದು ಕಷ್ಟ. ಆದರೆ ಅದರ ಅರ್ಧಭಾಗವನ್ನು ಮರೆಯುವುದೂ ಸಾಮಾನ್ಯ. ಸದಾ ಕನ್ನಡಿಯನ್ನಷ್ಟೇ ನೋಡಿ ಬೆಳೆದ ಬಿಳಿಯ ಮಕ್ಕಳಿಗೂ ಅದರಿಂದ ನಷ್ಟವಿದೆ ಎಂದು ಬಿಷಪ್ ಸ್ಪಷ್ಟವಾಗಿಯೇ ಹೇಳಿದ್ದರು.

ತರಬೇತಿಯ ಸ್ವರೂಪ ಬದಲಾದದ್ದು ಇಲ್ಲಿಂದ ಮುಂದೆ. ಮೊದಮೊದಲು ಕೋರ್ಸು ಎಂದರೆ ಪುಸ್ತಕಗಳ ಪಟ್ಟಿ: ಯಾವ ವಯಸ್ಸಿಗೆ ಯಾವುದು, ಯಾವ ಶ್ರೇಷ್ಠ ಕೃತಿಯ ಜೊತೆ ಯಾವ ಹೊಸ ಕಾದಂಬರಿ. ಆದರೆ ಪಟ್ಟಿ ಬದಲಾದ ಮಾತ್ರಕ್ಕೆ ಪಾಠ ಬದಲಾಗುವುದಿಲ್ಲ. ಕಪ್ಪು ಕುಟುಂಬ ಎದುರಿಸುವ ವರ್ಣಭೇದದ ಕಥೆ ಹೇಳುವ ಮಿಲ್ಡ್ರೆಡ್ ಟೇಲರ್ ಅವರ ಕಾದಂಬರಿಯನ್ನು ಕೈಗೆತ್ತಿಕೊಂಡೂ ಅದು ಎಂದೋ ಮುಗಿದ ಕಥೆ ಎಂಬಂತೆ ಪಾಠ ಮಾಡಿಬಿಡಬಹುದು. ಹೀಗಾಗಿ ಗಮನ ಶಿಕ್ಷಕರ ಮೇಲೆಯೇ ತಿರುಗಿತು. 2017-18ರಲ್ಲಿ ಸರ್ಕಾರಿ ಶಾಲಾ ಶಿಕ್ಷಕರಲ್ಲಿ ಸುಮಾರು ಶೇ. 79 ಮಂದಿ ಬಿಳಿಯರು. ವಿದ್ಯಾರ್ಥಿಗಳಲ್ಲಿ ಬಿಳಿಯರ ಪ್ರಮಾಣ ಆಗಲೇ ಅರ್ಧಕ್ಕಿಂತ ಕೆಳಗಿಳಿದಿತ್ತು. ಭಾವಿ ಶಿಕ್ಷಕರು ಮೊದಲು ತಮ್ಮ ಓದಿನ ಚರಿತ್ರೆಯನ್ನೇ ಬರೆಯಬೇಕು, ಬಾಲ್ಯದಲ್ಲಿ ಯಾರ ಕಥೆ ಓದಿದೆ, ಯಾರದನ್ನು ಓದಲಿಲ್ಲ ಎಂದು ಕೇಳಿಕೊಳ್ಳಬೇಕು ಎಂಬ ಅಭ್ಯಾಸ ಇಂಥ ಕೋರ್ಸುಗಳಲ್ಲಿ ಕಾಣಿಸಿಕೊಂಡಿತು. ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 1995ರಲ್ಲಿ ಮಂಡಿಸಿದ, ಮಕ್ಕಳ ಸಂಸ್ಕೃತಿಗೆ ತಕ್ಕ ಬೋಧನೆಯ ಸಿದ್ಧಾಂತ ಇದಕ್ಕೆ ಬಲ ಕೊಟ್ಟಿತು. ಸಂಶೋಧಕರಾದ ಪೆಟ್ರೋನ್, ಸಾರಿಗಿಯಾನಿಡೀಸ್ ಮತ್ತು ಲೂಯಿಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹದಿಹರೆಯ ಎಂದರೆ ಗೊಂದಲ, ಹಟ, ಹಾರ್ಮೋನು ಎಂಬ ನಂಬಿಕೆಯನ್ನೇ ಶಿಕ್ಷಕರು ಪ್ರಶ್ನಿಸಬೇಕೆಂದರು. ಎನ್‌ಸಿಟಿಇಯ 2012ರ ಶಿಕ್ಷಕ ತರಬೇತಿ ಮಾನದಂಡಗಳಲ್ಲಿ ಹದಿಹರೆಯದವರ ಸಾಹಿತ್ಯವೂ, ವಿವಿಧ ಲಿಂಗ, ಜನಾಂಗ, ವರ್ಗಗಳ ಅನುಭವ ಹೇಳುವ ಕೃತಿಗಳೂ ಹೆಸರಿನ ಸಮೇತ ಸೇರಿದವು.

2014ರಲ್ಲಿ ಕಾದಂಬರಿಕಾರ ವಾಲ್ಟರ್ ಡೀನ್ ಮೈಯರ್ಸ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲ್ಯಾರಿಕ್ ಅವರ ಪ್ರಶ್ನೆಯನ್ನೇ ಮತ್ತೆ ಕೇಳಬೇಕಾಯಿತು. ಹಿಂದಿನ ವರ್ಷದ 3,200 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರ ಕುರಿತವು 93 ಮಾತ್ರ ಇದ್ದವು. ಅದೇ ವರ್ಷ ‘ವಿ ನೀಡ್ ಡೈವರ್ಸ್ ಬುಕ್ಸ್’ ಚಳವಳಿ ಶುರುವಾಯಿತು. 2018ರಲ್ಲಿ ನಾಲ್ವರು ಶಿಕ್ಷಕಿಯರು, ಪಾಠವಾಗುವ ಕೃತಿಗಳ ಹಳೆಯ ಪಟ್ಟಿಯನ್ನು ಪ್ರಶ್ನಿಸುವ ‘ಡಿಸ್ರಪ್ಟ್ ಟೆಕ್ಸ್ಟ್ಸ್’ ಎಂಬ ಗುಂಪು ಕಟ್ಟಿದರು. ಅಷ್ಟರಲ್ಲಿ ಆ್ಯಂಜಿ ಥಾಮಸ್ ಅವರ ‘ದಿ ಹೇಟ್ ಯು ಗಿವ್’ ತರಗತಿಗಳಿಗೆ ಬಂದಿತ್ತು. ಕಪ್ಪು ಹುಡುಗನೊಬ್ಬನನ್ನು ಪೊಲೀಸ್ ಗುಂಡಿಟ್ಟು ಕೊಲ್ಲುವ ಈ ಕಥೆಯನ್ನು ಪಾಠ ಮಾಡುವವರಿಗೆ ಕಥಾಸಾರವಷ್ಟೇ ಗೊತ್ತಿದ್ದರೆ ಸಾಲದು. ತರಗತಿಯಲ್ಲಿ ಒಬ್ಬಳೇ ಕಪ್ಪು ವಿದ್ಯಾರ್ಥಿನಿ ಇದ್ದರೆ ಇಡೀ ಸಮುದಾಯದ ಪರವಾಗಿ ಮಾತಾಡುವ ಹೊರೆ ಅವಳ ಮೇಲೆ ಬೀಳದಂತೆ ನೋಡಿಕೊಳ್ಳುವುದು, ಒರಟು ಮಾತು ಬಂದಾಗ ಚರ್ಚೆಯನ್ನು ನಿಲ್ಲಿಸದೆ ನಡೆಸುವುದು ಅಭ್ಯಾಸದಿಂದ ಬರುವ ಕೌಶಲ. ತರಬೇತಿಯ ಅತಿ ಕಠಿಣ ಭಾಗವೂ ಇದೇ.

2021ರ ನಂತರ ಇದಕ್ಕೆ ಹೊಸದೊಂದು ಪಾಠ ಸೇರಿತು. ಶಾಲೆಗಳಲ್ಲಿ ಪುಸ್ತಕ ನಿಷೇಧದ ಪ್ರಕರಣಗಳು 2021-22ರಲ್ಲಿ 2,532 ಇದ್ದದ್ದು 2023-24ರಲ್ಲಿ 10,046ಕ್ಕೆ ಏರಿದವೆಂದು ಲೇಖಕರ ಸಂಘಟನೆ ‘ಪೆನ್ ಅಮೆರಿಕ’ ದಾಖಲಿಸಿದೆ. ವರ್ಣಭೇದದ ವಿಷಯವುಳ್ಳ, ಸಲಿಂಗಿ ಪಾತ್ರಗಳಿರುವ ಹದಿಹರೆಯದ ಕಾದಂಬರಿಗಳೇ ಇದಕ್ಕೆ ಮುಖ್ಯ ಗುರಿ. ಆದ್ದರಿಂದ ಆಯ್ದ ಪುಸ್ತಕ ಯಾಕೆ ಬೇಕು, ಅದರಿಂದ ಮಕ್ಕಳು ಏನು ಕಲಿಯುತ್ತಾರೆ, ಯಾವ ಭಾಗಕ್ಕೆ ಆಕ್ಷೇಪ ಬರಬಹುದು, ಒಪ್ಪದ ಪೋಷಕರ ಮಗುವಿಗೆ ಬದಲಿ ಪುಸ್ತಕ ಯಾವುದು ಎಂಬುದನ್ನೆಲ್ಲ ಮೊದಲೇ ಬರೆದಿಟ್ಟುಕೊಳ್ಳುವ ಸಮರ್ಥನಾ ಪತ್ರ ಭಾವಿ ಶಿಕ್ಷಕರ ಅಭ್ಯಾಸದಲ್ಲಿ ಮಹತ್ವ ಪಡೆದಿದೆ. ಪಾಠ ಶುರುವಾಗುವ ಮೊದಲೇ ಮುಖ್ಯೋಪಾಧ್ಯಾಯರೊಂದಿಗೂ ಗ್ರಂಥಪಾಲಕರೊಂದಿಗೂ ಮಾತಾಡಿಕೊಳ್ಳುವುದು, ತಮ್ಮ ರಾಜ್ಯದ ಕಾನೂನನ್ನು ಓದಿಕೊಳ್ಳುವುದು ಕೂಡ ಈಗ ಆ ತಯಾರಿಯ ಭಾಗ.