ಮನೆ ಡಾಕ್ಟರ ಚೀಟಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯ ಮಾತ್ರೆಗಳ ಚೀಲವನ್ನು ಹಿಡಿದು ಆರ್.ಟಿ. ನಗರದ ನಮ್ಮ ಮನೆಗೆ ಬಂದಿದ್ದಳು. "ಮೇಷ್ಟ್ರೇ, ಮೂವರು ತಜ್ಞರಿಗೆ ತೋರಿಸುತ್ತಿದ್ದೇವೆ. ಯಾರ ಮಾತನ್ನು ಕೇಳಬೇಕೋ ತಿಳಿಯುತ್ತಿಲ್ಲ" ಎಂದಳು. ಆಗ ನನಗೆ ಹಳೆಯ ದಿನಗಳು ನೆನಪಾದವು.

ಹೆಬ್ಬಾಳ, ಯಲಹಂಕಗಳು ಇನ್ನೂ ಊರಾಚೆ ಎನಿಸಿದ್ದ ಕಾಲವದು. ಜ್ವರ ಬಂದರೂ ಎದೆನೋವು ಬಂದರೂ ಮೊದಲು ಹೋಗುತ್ತಿದ್ದುದು ಬಡಾವಣೆಯ ಡಾಕ್ಟರ ಷಾಪಿಗೆ. ಕಾಂಪೌಂಡರು ಸೀಸೆಗೆ ಕಾಗದದ ಪಟ್ಟಿ ಅಂಟಿಸಿ ಮಿಕ್ಸ್ಚರ್ ಕೊಡುತ್ತಿದ್ದರು. ತಮ್ಮಿಂದಾಗದ ಕಾಯಿಲೆಯಾದರೆ ಡಾಕ್ಟರು 1900ರಲ್ಲಿ ತೆರೆದ ವಿಕ್ಟೋರಿಯಾ ಆಸ್ಪತ್ರೆಗೋ, 1973ರ ನಂತರ ಕಿದ್ವಾಯಿಗೋ ಒಂದು ಚೀಟಿ ಬರೆದುಕೊಡುತ್ತಿದ್ದರು. ದೊಡ್ಡ ಡಾಕ್ಟರು ಹೇಳಿದ್ದನ್ನು ರೋಗಿ ಮರಳಿ ತಂದು ಇವರಿಗೇ ಒಪ್ಪಿಸುತ್ತಿದ್ದ. ಹೀಗೇ ಮಾಡಬೇಕೆಂದು ಯಾವ ಕಾನೂನೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಕ್ರಮವನ್ನು 1948ರ ರಾಷ್ಟ್ರೀಯ ಆರೋಗ್ಯ ಸೇವೆ ನಿಯಮವಾಗಿಸಿತು: ಮೊದಲು ಕುಟುಂಬ ವೈದ್ಯ, ಅವರ ಪತ್ರವಿದ್ದರೆ ತಜ್ಞ. ನಮ್ಮಲ್ಲಿ 1946ರ ಭೋರ್ ಸಮಿತಿಯೂ ಪ್ರಾಥಮಿಕ ಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಮೆಟ್ಟಿಲುಗಳನ್ನು ಸೂಚಿಸಿತ್ತು. ಆದರೆ ನಗರದಲ್ಲಿ ಕೈಯಲ್ಲಿ ಕಾಸಿದ್ದವನು ಯಾವ ಮೆಟ್ಟಿಲನ್ನಾದರೂ ನೇರವಾಗಿ ಹತ್ತಬಹುದಾಗಿತ್ತು.

ಹತ್ತುವವರೂ ಹೆಚ್ಚಿದರು. ಯಶವಂತಪುರದ ಸಮೀಪ 1979ರಲ್ಲಿ ಎಂ.ಎಸ್. ರಾಮಯ್ಯ ವೈದ್ಯಕೀಯ ಕಾಲೇಜು ಬಂದಿತು. 2005ರಲ್ಲಿ ಹೆಬ್ಬಾಳದಲ್ಲಿ ಕೊಲಂಬಿಯಾ ಏಷಿಯಾ ಆಸ್ಪತ್ರೆ ತೆರೆಯಿತು. ಅದೀಗ ಮಣಿಪಾಲ್ ಆಸ್ಪತ್ರೆಯಾಗಿದೆ. ತಜ್ಞರೇ ಹತ್ತಿರವಿರುವಾಗ ನಡುವೆ ಇನ್ನೊಬ್ಬರೇಕೆ ಎಂದು ನಾನೂ ಯೋಚಿಸಿದವನೇ. ನನ್ನ ಹೆಂಡತಿಯನ್ನು ಬೇರೆ ಬೇರೆ ಕಡೆಯ ಇಬ್ಬರು ತಜ್ಞರಲ್ಲಿಗೆ ಕರೆದೊಯ್ದೆ. ಕೆಲವು ದಿನಗಳಲ್ಲೇ ಆಕೆ ಬಚ್ಚಲುಮನೆಯಲ್ಲಿ ತಲೆಸುತ್ತಿ ಬಿದ್ದಳು. ನಾಚಿಕೆಯಿಂದಲೇ ಹಳೆಯ ಡಾಕ್ಟರ ಬಳಿಗೆ ಹೋದೆ. ಅವರು ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ, ರಕ್ತದೊತ್ತಡದ ಎರಡು ಮಾತ್ರೆಗಳನ್ನು ಪಕ್ಕಪಕ್ಕ ಇಟ್ಟು, "ಹೆಸರು ಬೇರೆ, ಒಳಗಿನ ಔಷಧಿ ಒಂದೇ" ಎಂದರು. ಇಬ್ಬರು ತಜ್ಞರಿಗೂ ಪರಸ್ಪರರ ಚೀಟಿ ಗೊತ್ತಿರಲಿಲ್ಲ. ತೋರಿಸಬೇಕಾಗಿದ್ದ ನಾನು ತೋರಿಸಿರಲಿಲ್ಲ.

2018ರಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆ ಬಂದಾಗ, ತುರ್ತು ಸಂದರ್ಭಗಳನ್ನು ಬಿಟ್ಟು, ಅದರ ನೆರವಿನಿಂದ ಖಾಸಗಿ ಆಸ್ಪತ್ರೆ ಸೇರಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂದಾಯಿತು. ಅದನ್ನು ಅಲೆದಾಟವೆಂದು ಗೊಣಗಿದವರನ್ನು ನಾನು ಬಲ್ಲೆ. ಹಳೆಯ ಡಾಕ್ಟರ ಚೀಟಿಗೆ ಅವರೇ ಗೊಣಗಿರಲಿಲ್ಲ. ಏಕೆಂದರೆ ಅದನ್ನು ಬರೆದ ಕೈಗೆ ಆ ಮನೆಯ ಮೂರು ತಲೆಮಾರಿನ ನಾಡಿ ತಿಳಿದಿತ್ತು. ಪತ್ರವನ್ನು ನಿಯಮದಿಂದ ಕಡ್ಡಾಯಗೊಳಿಸಬಹುದು, ಪರಿಚಯವನ್ನಲ್ಲ.

ಹಳೆಯದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಡಾಕ್ಟರ ಮಾತಿಗೆ ಎದುರು ಕೇಳುವ ಧೈರ್ಯ ನಮಗಿರಲಿಲ್ಲ. ಚೀಟಿ ತಡವಾಗಿ ಕೈಸೇರಿ ಕಷ್ಟಕ್ಕೀಡಾದವರೂ ಇದ್ದರು. ನಂಬಿಕೆಯ ಜೊತೆಗೆ ಪ್ರಶ್ನೆಯೂ ಇರಬೇಕು.

ಆ ಹುಡುಗಿಗೆ ಹೇಳಿದೆ: "ಮನೆಯ ಹತ್ತಿರ ಒಬ್ಬ ಡಾಕ್ಟರನ್ನು ಗೊತ್ತುಮಾಡಿಕೋ ತಾಯಿ. ಈ ಚೀಲ, ಮೂವರ ಚೀಟಿಗಳು, ಎಲ್ಲವನ್ನೂ ಅವರ ಮುಂದಿಡು." ಮೊನ್ನೆ ಅವಳು ಫೋನು ಮಾಡಿದ್ದಳು. ಡಾಕ್ಟರು ಅರ್ಧ ಗಂಟೆ ಕುಳಿತು ಎಲ್ಲವನ್ನೂ ಓದಿ, ಮೂವರು ತಜ್ಞರಿಗೂ ಒಂದೊಂದು ಚೀಟಿ ಬರೆದುಕೊಟ್ಟರಂತೆ.