ರೂಪಕುಂಡದ ಎಲುಬುಗಳು

ಹಿಮಾಲಯದಲ್ಲಿ ಸರೋವರಗಳಿಗೆ ಕೊರತೆಯಿಲ್ಲ. ಮಾನಸ ಸರೋವರದ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಈ ದಿನ ನಾವು ಹೇಳಹೊರಟಿರುವುದು ಅದರ ಮುಂದೆ ಬೊಗಸೆ ನೀರೆನ್ನಬಹುದಾದ ಒಂದು ಕೊಳದ ವಿಚಾರ. ಗಢವಾಲ ಸೀಮೆಯ ಚಮೋಲಿ ಜಿಲ್ಲೆಯಲ್ಲಿ, 7,120 ಮೀಟರ್ ಎತ್ತರದ ತ್ರಿಶೂಲ ಪರ್ವತದ ಮಡಿಲಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 5,000 ಮೀಟರ್ ಮೇಲೆ ರೂಪಕುಂಡವಿರುವುದು. ಅದರ ಅಡ್ಡಗಲ ಸುಮಾರು 40 ಮೀಟರ್. ಪೂರ್ವಕಾಲದಲ್ಲಿ ಹಿಮರಾಶಿಯು ಬೆಟ್ಟದ ಪಕ್ಕೆಯನ್ನು ಬಟ್ಟಲಿನಂತೆ ಕೊರೆಯಿತು. ಹಿಮವು ಹಿಂಜರಿದ ಮೇಲೆ ಆ ಬಟ್ಟಲಿನಲ್ಲಿ ನೀರು ನಿಂತಿತು. ವರ್ಷದ ಹೆಚ್ಚು ಭಾಗ ಅದು ಹೆಪ್ಪುಗಟ್ಟಿಯೇ ಇರುತ್ತದೆ. ಬೇಸಗೆ ಕಳೆದು ಕೆಲವು ವಾರ ಮಾತ್ರ ಹಿಮ ಕರಗಿ ನೀರು ಕಾಣುವುದು. ನೀರಿನೊಡನೆ ಮನುಷ್ಯರ ಎಲುಬುಗಳೂ ಕಾಣುವುವು.

1942ರಲ್ಲಿ ಮಧ್ವಾಲ್ ಎಂಬ ಅರಣ್ಯಾಧಿಕಾರಿ ಇವನ್ನು ಕಂಡು ವರದಿ ಮಾಡಿದಾಗ, ಅದು ಯುದ್ಧಕಾಲವಾದ್ದರಿಂದ, ಜಪಾನೀ ಸೈನಿಕರ ಶವಗಳಿರಬಹುದೇ ಎಂಬ ಶಂಕೆ ಹುಟ್ಟಿತೆಂದು ಹೇಳುವರು. ಎಲುಬುಗಳು ಹಳೆಯವೆಂದು ಗೊತ್ತಾದೊಡನೆ ಆ ಶಂಕೆ ಅಳಿಯಿತು. ಬಳಿಕ ಕೆಲವರು, 1841ರಲ್ಲಿ ಟಿಬೆಟ್ಟಿನಲ್ಲಿ ಮಡಿದ ಡೋಗ್ರಾ ಸೇನಾನಿ ಜೋರಾವರ ಸಿಂಹನ ದಂಡು ಇಲ್ಲಿ ನಾಶವಾಯಿತೆಂದು ಊಹಿಸಿದರು. ಎಲುಬುಗಳಲ್ಲಿ ಹೆಂಗಸರವೂ ಇವೆ. ದಂಡಿನ ಕಥೆ ಇದಕ್ಕೆ ಒಗ್ಗುವುದಿಲ್ಲ.

ಗಢವಾಲದ ಜನಕ್ಕೆ ಇಂಥ ಊಹೆಗಳ ಅಗತ್ಯವೇ ಇರಲಿಲ್ಲ. ಅವರಿಗೆ ಪಾರ್ವತಿಯು ನಂದಾದೇವಿ, ತಮ್ಮ ಮನೆಯ ಮಗಳು. ಕೈಲಾಸ ಅವಳ ಗಂಡನ ಮನೆ. ಗೌರಿಯನ್ನು ತವರಿಗೆ ಕರೆದು ಬಾಗಿನ ಕೊಟ್ಟು ಕಳುಹಿಸುವ ನಮಗೆ ಈ ಭಾವ ಹೊಸದೇನಲ್ಲ. ದಾರಿಯಲ್ಲಿ ಬಾಯಾರಿದ ದೇವಿಗಾಗಿ ಶಿವನು ತ್ರಿಶೂಲದಿಂದ ನೆಲವನ್ನು ತಿವಿದನಂತೆ. ಉಕ್ಕಿದ ನೀರಿನಲ್ಲಿ ಅವಳು ತನ್ನ ರೂಪವನ್ನು ಕಂಡಳಂತೆ. ಕೊಳದ ಹೆಸರು ಹೀಗೆ ಬಂದಿತು. ಎಲುಬುಗಳಿಗೂ ಕಥೆಯುಂಟು. ಕನೌಜಿನ ಜಸಧವಳನೆಂಬ ರಾಜ ಗರ್ಭಿಣಿಯಾದ ರಾಣಿಯೊಡನೆ, ನರ್ತಕಿಯರ ಮೇಳದೊಡನೆ, ದೇವಿಯ ಯಾತ್ರೆಗೆ ಹೊರಟನು. ಪುಣ್ಯಭೂಮಿಯಲ್ಲಿ ಕುಣಿದ ನರ್ತಕಿಯರು ಕಲ್ಲಾದರು; ಆ ಸ್ಥಳಕ್ಕೆ ಪಾತರ್ ನಚೌನಿ ಎಂದು ಹೆಸರು. (ಈ ‘ಪಾತರ್’ ನಮ್ಮ ‘ಪಾತರದವಳು’ ಎಂಬ ಮಾತಿನ ಬಂಧುವೇ.) ದಾರಿಯಲ್ಲಿಯೇ ರಾಣಿಗೆ ಹೆರಿಗೆಯಾಗಲು, ಮೈಲಿಗೆಯಿಂದ ಮುನಿದ ದೇವಿ ಕಬ್ಬಿಣದಂಥ ಆಲಿಕಲ್ಲುಗಳನ್ನು ಸುರಿಸಿ ಪರಿವಾರವನ್ನೆಲ್ಲ ಕೆಡಹಿದಳು. ಹೆರಿಗೆಯನ್ನು ಅಪರಾಧವೆಂದೆಣಿಸುವ ಈ ನ್ಯಾಯ ನಮಗೆ ಕಠೋರವೆನಿಸುತ್ತದೆ. ಆದರೆ ಆಲಿಕಲ್ಲಿನ ಮಾತನ್ನು ನಕ್ಕು ಬಿಡುವಂತಿಲ್ಲ. 2004ರಲ್ಲಿ ಪರೀಕ್ಷೆ ನಡೆಸಿದ ವಿದ್ವಾಂಸರು ಕೆಲವು ತಲೆಬುರುಡೆಗಳಲ್ಲಿ ಮೇಲಿನಿಂದ ದುಂಡನೆಯ ವಸ್ತು ಬಡಿದಂಥ ಬಿರುಕುಗಳನ್ನು ಕಂಡರು. ಎಲುಬುಗಳ ಕಾಲ ಸುಮಾರು ಒಂಬತ್ತನೆಯ ಶತಮಾನವೆಂದು ಗೊತ್ತಾಯಿತು. ಜನಪದದ ಹಾಡೇ ಗೆದ್ದಿತೆಂದು ಹಲವರು ಸಂತೋಷಪಟ್ಟರು.

ಆ ಸಂತೋಷ ಬಹುಕಾಲ ಬಾಳಲಿಲ್ಲ. 2019ರಲ್ಲಿ 38 ಜನರ ಎಲುಬುಗಳ ಡಿ.ಎನ್.ಎ. ಪರೀಕ್ಷೆಯ ಫಲ ಪ್ರಕಟವಾಯಿತು. ಇವರಲ್ಲಿ 23 ಜನ ನಮ್ಮ ದೇಶದ ನಾನಾ ಕುಲಗಳವರು. ಏಳರಿಂದ ಹತ್ತನೆಯ ಶತಮಾನದವರೆಗೆ, ಒಂದೇ ಸಲಕ್ಕಲ್ಲದೆ, ಬೇರೆ ಬೇರೆ ಕಾಲಗಳಲ್ಲಿ ಸತ್ತವರು. ಉಳಿದವರಲ್ಲಿ 14 ಜನರ ವಂಶ ಪೂರ್ವ ಮೆಡಿಟರೇನಿಯನ್ ಪ್ರಾಂತದ್ದು. ಗ್ರೀಸ್ ಮತ್ತು ಕ್ರೀಟ್ ದ್ವೀಪದ ಜನಕ್ಕೆ ಅತಿ ಸಮೀಪದ್ದು. ಒಬ್ಬನದು ಆಗ್ನೇಯ ಏಷ್ಯಾ. ಈ ಹದಿನೈದು ಜನ ಅಲ್ಲಿ ಸತ್ತದ್ದು ಬಹುಶಃ 1800ರ ಸುಮಾರಿಗೆ. ಅಂದರೆ ಮೊದಲಿನವರಿಗೂ ಇವರಿಗೂ ನಡುವೆ ಸುಮಾರು ಸಾವಿರ ವರ್ಷಗಳ ಅಂತರ! ಇವರೆಲ್ಲರೂ ಸಂಬಂಧಿಗಳಲ್ಲ, ಒಂದು ಕುಟುಂಬದವರಲ್ಲ. ಗ್ರೀಕ್ ಸೀಮೆಯ ಗಂಡಸರೂ ಹೆಂಗಸರೂ ನಂದಾದೇವಿಯ ದಾರಿಯಲ್ಲಿ ಏಕೆ ನಡೆದರೆಂಬುದಕ್ಕೆ ಯಾವ ಬರಹದ ಆಧಾರವೂ ದೊರೆತಿಲ್ಲ.

ಇದರಿಂದ ಜನಪದದ ಕಥೆ ಸುಳ್ಳಾಯಿತೇ? ಹಾಗೆ ಹೇಳುವುದು ಅವಸರವೆಂದು ನಮ್ಮ ಅಭಿಪ್ರಾಯ. ಸಮೀಪದ ದೇವಾಲಯಗಳ ಶಾಸನಗಳು ಎಂಟರಿಂದ ಹತ್ತನೆಯ ಶತಮಾನದ ಯಾತ್ರೆಯ ಸುಳಿವು ಕೊಡುತ್ತವೆ. ಹಳೆಯ ಎಲುಬುಗಳಲ್ಲಿ ಕೆಲವಾದರೂ ಯಾತ್ರಿಕರವಾಗಿರಬಹುದು. ತಪ್ಪಿದವರು ಹಾಡಿದ ಹಳ್ಳಿಗರಲ್ಲ. ಅಷ್ಟು ಸಾವಿಗೂ ಒಂದೇ ದಿನ, ಒಂದೇ ಕಾರಣವನ್ನು ಹುಡುಕಿದ ನಾವು, ಓದಿದವರು.

ಮತ್ತೊಂದು ಸಂಗತಿಯನ್ನು ಹೇಳಲೇಬೇಕು. ಬೇರೆ ಕಡೆ ಅಗೆಯುವವನು ಮಣ್ಣಿನ ಪದರಗಳನ್ನು ನೋಡಿ ಹಿಂದುಮುಂದುಗಳನ್ನು ನಿರ್ಣಯಿಸುವನು. ಇಲ್ಲಿ ಬಂಡೆ ಉರುಳಿ, ಹಿಮ ಸರಿದು, ಎಲ್ಲವೂ ಕಲಸಿಹೋಗಿದೆ. ಸಾಲದೆಂಬಂತೆ, ಚಾರಣಕ್ಕೆ ಹೋದವರು ನೆನಪಿಗೆಂದು ಎಲುಬುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದರು. ಮೂಳೆಯೊಂದು ಮೇಜಿನ ಅಲಂಕಾರವಾದೊಡನೆ, ಅದು ಯಾರ ಪಕ್ಕದಲ್ಲಿ ಬಿದ್ದಿತ್ತೆಂಬುದು ಎಂದೆಂದಿಗೂ ತಿಳಿಯದೆ ಹೋಗುವುದು.

ಯಾತ್ರೆ ಮಾತ್ರ ನಿಂತಿಲ್ಲ. ನಂದಾ ರಾಜಜಾತ್ ಎಂಬ ಈ ಮಹಾಯಾತ್ರೆ ಹನ್ನೆರಡು ವರ್ಷಗಳಿಗೊಮ್ಮೆ ಎಂಬ ನಿಯಮವಿದ್ದರೂ ಕೆಲವು ಸಲ ಅಂತರ ಹೆಚ್ಚಿದ್ದುಂಟು. 1987, 2000, 2014ರಲ್ಲಿ ಅದು ನಡೆಯಿತು. ನೌಟಿ ಗ್ರಾಮದಿಂದ ಹೊರಟವರು ಸುಮಾರು ಮೂರು ವಾರ ಬರಿಗಾಲಿನಲ್ಲಿಯೂ ನಡೆಯುವರು. ಎಲ್ಲರ ಮುಂದೆ ನಾಲ್ಕು ಕೊಂಬಿನ ಟಗರು. ಅದರ ಬೆನ್ನ ಮೇಲೆ ಮಗಳಿಗೆಂದು ಕಟ್ಟಿದ ಸೀರೆ, ಬಳೆ, ತಿಂಡಿಗಳ ಗಂಟು. ರೂಪಕುಂಡವನ್ನು ದಾಟಿ, ಕಣಿವೆಯೇರಿ, ಶಿಲಾಸಮುದ್ರವೆಂಬ ಬಂಡೆಗಳ ಬಯಲನ್ನು ಹಾದು ಹೋಮಕುಂಡವನ್ನು ತಲುಪಿದ ಮೇಲೆ ಟಗರನ್ನು ಅಲ್ಲಿಯೇ ಬಿಡುವರು. ಅದು ಒಂಟಿಯಾಗಿ ಹಿಮದ ಕಡೆಗೆ ನಡೆಯುತ್ತದೆ. ಜನರು ಕಣ್ಣೊರಸಿಕೊಂಡು ಊರ ದಾರಿ ಹಿಡಿಯುವರು.